ಅಪ್ಪನ ದಾಲ್ ಮಿಲ್ ಮತ್ತ ಶುರು ಮಾಡ್ಲೋ ಬ್ಯಾಡೋ? ಅನುಭವ ಇದ್ದೋರು ಹೇಳ್ರಿ

ಕಪನೂರ ಹುಡುಗ
ಎಲ್ಲರಿಗೂ ಶರಣು. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ನಮ್ಮಪ್ಪಂದು ತೊಗರಿ ಬ್ಯಾಳಿ ಮಾಡೋ ಸಣ್ಣ ದಾಲ್ ಮಿಲ್ ಅದ. 2020ರ ಮಾರ್ಚ್‌ದಾಗ ಲಾಕ್‌ಡೌನಿಗೆ ಶಟರ್ ಇಳಿಸಿದ್ದು, ಮತ್ತ ಎತ್ತಿಲ್ಲ. ಅಪ್ಪಗ ಈಗ 67. ನಾನು ಹನ್ನೊಂದು ವರ್ಷದಿಂದ ಪುಣೆದಾಗ ನೌಕರಿ ಮಾಡ್ತೀನಿ. ಮನೆಯಾಕಿ ಸೇಡಂದಾಗ ಟೀಚರ್. ಕೈಯಾಗ 18 ಲಕ್ಷ ಅದ, ಮನಿ ಅಡ ಇಟ್ರ ಬ್ಯಾಂಕಿನೋರು 40 ಲಕ್ಷ ಕೊಡ್ತೀವಿ ಅಂದಾರ. ಸಿಪ್ಪಿ ತಗಿಯೋ ಎಮೆರಿ ರೋಲ್ ಎರಡೂ ಛಲೋ ಅವ, ದೊಡ್ಡ ಮೋಟರ್ ಸುಟ್ಟದ, ಬಣ್ಣ ನೋಡಿ ಕಾಳು ಆರಿಸೋ ಸಾರ್ಟೆಕ್ಸ್ ಮಷೀನ್ ಇಲ್ಲ. ದೇಶದ ಆರ್ಥಿಕತೆ ಚೇತರಿಸಿಕೊಂಡದ ಅಂತ ದಿನಾ ಪೇಪರದಾಗ ಓದ್ತೀನಿ. ನಮ್ಮ ಕಡಿ ಖರೇನೇ ಚೇತರಿಸಿಕೊಂಡದೇನು? ಈ ಧಂದೆಕ್ಕ ಈಗ ಬರಬಹುದಾ?

ನಂದೂರ ಮಿಲ್
ತಮ್ಮಾ, 26 ವರ್ಷದಿಂದ ಮಿಲ್ ನಡಸ್ಲಾಕತ್ತೀನಿ. ಪೂರ್ತಿ ಓದಿ ಆಮ್ಯಾಲ ಬ್ಯಾಂಕಿಗಿ ಹೋಗು.

2020ರಾಗ ನಾನೂ ಬಂದ್ ಮಾಡಿದ್ದೆ. ಎರಡು ತಿಂಗಳು ಮಷೀನ್ ತಿರುಗಲಿಲ್ಲ, ಆದ್ರ ಕರೆಂಟಿನ ಫಿಕ್ಸೆಡ್ ಚಾರ್ಜ್ ನಿಲ್ಲಲಿಲ್ಲ. ಆರು ತಿಂಗಳು ಕಂತು ಕಟ್ಟೋದು ಬ್ಯಾಡ ಅಂದ್ರು, ನಾವು ಖುಷಿಪಟ್ವಿ. ಬಡ್ಡಿ ಮಾತ್ರ ಒಳಗೊಳಗೇ ಬೆಳೀತು. ಆಮ್ಯಾಲ ಬಾಕಿ ಸಾಲದ ಮ್ಯಾಲ ನೂರಕ್ಕ 20 ಹೊಸ ಸಾಲ, ಸರಕಾರದ ಗ್ಯಾರಂಟಿ ಅಂತ ಬಂತು. ತಗೊಂಡೆ. ಆ ಅಕ್ಟೋಬರಿನಾಗ ಭೀಮಾ ಉಕ್ಕಿ ಬಂತಲ್ಲ, ಅಂಗಳದಾಗ ಒಣಗ್ಲಾಕ ಹರವಿದ್ದ 90 ಕ್ವಿಂಟಲ್ ಎಣ್ಣಿ ಹಚ್ಚಿದ ತೊಗರಿ ತೊಯ್ದು ಬೂಸ್ಟ್ ಹಿಡೀತು. ಎಣ್ಣಿ ಹಚ್ಚಿದ ಮ್ಯಾಲ ಬಿಸಿಲು ಬರಲಿಲ್ಲಂದ್ರ ಕಾಳು ಸಿಪ್ಪಿ ಬಿಡೂದಿಲ್ಲ, ರೋಲಿನಾಗ ಹಾಕಿದ್ರ ನುಚ್ಚಾಗ್ತದ. ದನದ ಮೇವಿನ ರೇಟಿಗಿ ಮಾರಿದೆ.

ಅದನ್ನೂ ತಡಕೊಂಡೆ. ಖರೆ ಹೊಡ್ತ ಬಿದ್ದಿದ್ದು ಎಲ್ಲಾರೂ "ಚೇತರಿಕೆ" ಅಂತಿದ್ದ 2024ರಾಗ. ಜೂನ್‌ದಾಗ ತೊಗರಿ ಏರ್ಲಾಕತ್ತಿತ್ತು. ಕ್ವಿಂಟಲಿಗೆ 11,200ರಂಗ 600 ಕ್ವಿಂಟಲ್ ಹಿಡದೆ. 67 ಲಕ್ಷದ 20 ಸಾವಿರ, ಅದ್ರಾಗ ಮುಕ್ಕಾಲು ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) ರೊಕ್ಕ. ಇನ್ನೂ ಏರ್ತದಂತ ಕೂತೆ. ಜನವರಿಗಿ ಹೊಸ ರಾಶಿ ಬರೂದ್ರಾಗ ರೇಟ್ 7,300. ಕೊಟ್ಟೆ. 43 ಲಕ್ಷದ 80 ಸಾವಿರ ಬಂತು. 23 ಲಕ್ಷದ 40 ಸಾವಿರ ಹೋತು, ಏಳು ತಿಂಗಳ ಬಡ್ಡಿ ಬ್ಯಾರೆ. ಮಗಳ ಲಗ್ನ ಒಂದು ವರ್ಷ ಮುಂದಕ್ಕ ಹಾಕೀವಿ. ಇದನ್ನ ಮನ್ಯಾಗ ಬಿಟ್ರ ಯಾರ ಮುಂದೂ ಹೇಳಿದ್ದಿಲ್ಲ.

ಗಂಜ್ ಅಡತಿ
ನಂದೂರ ಅಣ್ಣಾರ, ನಿಮ್ಮ ಲುಕ್ಸಾನಿಗೆ ನನಗೂ ಕೆಟ್ಟ ಅನಸ್ತದ. ಆದ್ರ ಸ್ಟಾಕ್ ಹಿಡಿಯೋದು ಮಿಲ್ ಧಂದೆ ಅಲ್ಲ, ಜೂಜು. ಈ ಹುಡುಗ ಕೇಳಿದ್ದು ಮಿಲ್.

ನಂದು ನೆಹರೂ ಗಂಜ್ ಮಾರ್ಕೆಟಿನಾಗ ಅಡತ್ (ದಲಾಲಿ) ಅಂಗಡಿ, ಅಪ್ಪನ ಕಾಲದ್ದು. 2015ರಾಗ ಬ್ಯಾಳಿ ಕಿಲೋಕ್ಕ 200 ದಾಟಿದಾಗ ಗಂಜಿನಾಗ ಕಾಲಿಡ್ಲಾಕ ಜಾಗ ಇರಲಿಲ್ಲ. ಎಲ್ಲಾರೂ ತೊಗರಿನೇ ಬಿತ್ತಿದ್ರು. 2016ರ ನವೆಂಬರಿನಾಗ ನೋಟ್ ಬಂದ್, ಡಿಸೆಂಬರಿಗಿ ರಾಶಿ. ಬೋನಸ್ ಸೇರಿ ಬೆಂಬಲ ಬೆಲಿ 5,050 ಇತ್ತು, ನನ್ನ ಅಂಗಡಿ ಮುಂದ ಅದಕ್ಕಿಂತ ಒಂದು ಸಾವಿರ ಕಡಿಮಿಗೂ ಹೋತು. ಮುಂದಿನ ಜುಲೈದಾಗ ಜಿಎಸ್‌ಟಿ. ನಮ್ಮ ಕಡಿ ಮಂದಗತಿ ಕೊರೊನಾದಿಂದ ಬಂದದ್ದಲ್ಲ, ಆಗಲೇ ಶುರುವಾಗಿತ್ತು. ಕೊರೊನಾ ಬಂದಾಗ ನಾವು ಮೂರು ವರ್ಷದಿಂದ ನೆಲಕ್ಕ ಕೂತಿದ್ವಿ.

ಆ ಮೂರು ವರ್ಷದಾಗ ಮೂರು ಮಿಲ್ಲಿನೋರು ನನಗ 14 ಲಕ್ಷ ಉದ್ರಿ ನಿಲ್ಲಿಸಿದ್ರು. ಒಬ್ರು ಇವತ್ತಿನ ತನಕ ತಿಂಗಳಿಗಿ 5,000 ಕೊಡ್ತಾರ, ಅವರಿಗಿ ನಾನು ಕೈ ಮುಗೀತೀನಿ. ಇನ್ನಿಬ್ಬರು ಫೋನ್ ನಂಬರ್ ಬದಲಿ ಮಾಡ್ಯಾರ. ಅಂದಿನಿಂದ ಒಂದೇ ಕಟ್ಟಳಿ: ಎಂಟು ದಿನದ ಮ್ಯಾಲ ಉದ್ರಿ ಇಲ್ಲ, ಒಂದು ಚೀಲನೂ ನನ್ನ ಹೆಸರಿಗೆ ಸ್ಟಾಕ್ ಇಲ್ಲ. ಅದಕ್ಕೇ ಇವತ್ತು ನನ್ನ ಅಂಗಡಿ ತೆರೆದದ.

ಜೇವರ್ಗಿ ರೈತ
ಗಂಜಿನ ಸಾವಕಾರ್ರೇ, ಒಂದು ಸಾವಿರ ಕಡಿಮಿಗಿ ಹೋತು ಅಂತ ಎಷ್ಟು ಹಗುರ ಬರೆದ್ರಿ! ಆ ಸಾವಿರ ಯಾರದು? ನಂದು. ಆ ವರ್ಷ 42 ಕ್ವಿಂಟಲ್ ತಂದಿದ್ದೆ.

ನಮ್ಮದು 16 ಎಕರೆ ಎರಿ ಹೊಲ. 2022ರಾಗ ಹೂ ಬಿಟ್ಟು ಕಾಯಿ ಕಟ್ಟೋ ಹೊತ್ತಿನಾಗ ನೆಟೆ ರೋಗ ಬಂತು. ಬೆಳಿಗ್ಗೆ ಹಸರಿದ್ದ ಸಾಲು ನಾಕ್ ದಿನದಾಗ ಒಣಗಿ ಕಡ್ಡಿ. ಕಿತ್ತು ಬೇರು ಸೀಳಿದ್ರ ಒಳಗ ಕರೀ ಗೆರಿ. 16 ಎಕರೆದಾಗ 19 ಕ್ವಿಂಟಲ್ ಆತು. ಮರುವರ್ಷ ಮಳಿ ಇಲ್ಲ, ಬರ. ರೇಟ್ 12 ಸಾವಿರ ಆದಾಗ ನಮ್ಮ ಮನ್ಯಾಗ ಮಾರ್ಲಾಕ ತೊಗರಿನೇ ಇರಲಿಲ್ಲ, ಅಂಗಡಿಯಿಂದ ಬ್ಯಾಳಿ ಕೊಂಡು ತಿಂದೀವಿ. ತೊಗರಿ ಕಣಜದ ರೈತ ಬ್ಯಾಳಿ ಕೊಂಡು ತಿಂದ ಅಂತ ಬರಕೊಳ್ರಿ. 2024ರಾಗ ಬಿತ್ತಿದ ಬೆಳಿ ಬಂತು, ರೇಟ್ ಬಿತ್ತು. ಬೆಂಬಲ ಬೆಲಿ 7,550, ರಾಜ್ಯದ್ದು 450 ಸೇರಿ 8,000. ಖರೀದಿ ಕೇಂದ್ರದಾಗ ನೋಂದಣಿ, ತೂಕ, ರೊಕ್ಕ ಜಮಾ, ಇದಕ್ಕೆಲ್ಲ ಎರಡು ತಿಂಗಳು ಕಾಯೋ ತಾಕತ್ತು ನನಗಿರಲಿಲ್ಲ. ಸೊಸೈಟಿ ಕಂತು ಮಾರ್ಚ್‌ಕ್ಕ ಇತ್ತು. ಗಂಜಿನಾಗ 7,100ಕ್ಕ ಕೊಟ್ಟು ಬಂದೆ. 2025ರ ಬೆಳಿಗಿ ಬೆಂಬಲ ಬೆಲಿನೇ 8,000 ಮಾಡಿದ್ರು, ಆದ್ರ ಸೆಪ್ಟೆಂಬರಿನಾಗ ಮಳಿ ಹೊಲದಾಗ ನಿಂತು ಅರ್ಧ ಕೊಳೀತು.

2021ರಿಂದ ಹೊರದೇಶದ ತೊಗರಿಗೆ ಬಾಗಿಲು ತೆರೆದಿಟ್ಟಾರ. ಮೊಜಾಂಬಿಕ್, ಮ್ಯಾನ್ಮಾರಿಂದ ಸುಂಕ ಇಲ್ಲದ ತೊಗರಿ ಹಡಗಿನಾಗ ಬರ್ತದ. ನಮ್ಮ ರಾಶಿ ಟೈಮಿಗೇ ಬರ್ತದ. ಇದಕ್ಕ ಮಿಲ್ಲಿನೋರು ಬಾಯಿ ಬಿಡೂದಿಲ್ಲ ಯಾಕ?

ನಂದೂರ ಮಿಲ್
ರೈತ ಅಣ್ಣಾ, ಸುಮ್ಮನ ಮಿಲ್ಲಿನೋರ ಮ್ಯಾಲ ಹಾಕಬ್ಯಾಡ್ರಿ. ಆ ಮಾಲಿಂದ ಲಾಭ ಬಂದರಿನ ಹತ್ತಿರ ಇದ್ದೋರಿಗಿ. ಮುಂಬಯಿಂದ ಲಾರಿ ಬಾಡಗಿ ಕೊಟ್ಟು ಇಲ್ಲಿಗಿ ತಂದು ನಾವು ಉಳಸೂದು ಏನೂ ಇಲ್ಲ. ಅದೇ ಮಾಲು ಬ್ಯಾಳಿ ಆಗಿ ಹೈದ್ರಾಬಾದಿಗಿ ಹೋಗಿ ನಮ್ಮ ಗಿರಾಕಿನ್ನ ಕಿತಗೊಳ್ತದ. ನಮಗಿಬ್ಬರಿಗೂ ಹೊಡ್ತ ಒಂದೇ.

ಜೇವರ್ಗಿ ರೈತ
ಒಂದೇ ಅಂದ್ರ ಹ್ಯಾಂಗ್ರಿ? ನೀವು ಸೋತಿದ್ದು ಓಡಿ ರೊಕ್ಕ, ನಾವು ಸೋತಿದ್ದು ಬೀಜ. 11,200ರ ತೊಗರಿ ಇನ್ನೂ ಏರಲಿ ಅಂತ ಕೂತೋರು ನೀವು. ಆ ಜೂನ್‌ದಾಗ ಸರಕಾರ ಸ್ಟಾಕ್ ಮಿತಿ ಹಾಕಿದ್ದು ಸುಮ್ಮನ ಹಾಕಿಲ್ಲ.

ನಂದೂರ ಮಿಲ್
ನನ್ನ ಸ್ಟಾಕ್ ಮಿತಿಯೊಳಗೇ ಇತ್ತು, ಸರಕಾರದ ಪೋರ್ಟಲಿನಾಗ ಪ್ರತಿ ಶುಕ್ರವಾರ ಲೆಕ್ಕ ತುಂಬೀನಿ. ಕಳ್ಳ ಅಂತ ಅನ್ನಬ್ಯಾಡ್ರಿ, ಅದನ್ನ ನಾ ತಡಕೊಳ್ಳೂದಿಲ್ಲ.

ರೊಟ್ಟಿ ಅಕ್ಕ
ಇಬ್ಬರೂ ಸ್ವಲ್ಪ ಸುಮ್ಮನಾಗ್ರಿ. ತಮ್ಮಾ, ನನ್ನ ಕತಿ ಕೇಳು.

ನಮ್ಮನಿಯವರದು ಸ್ಟೇಷನ್ ಕಡಿ ಖಾನಾವಳಿ ಇತ್ತು. ದೇಶದಾಗೇ ಕೊರೊನಾದ ಮೊದಲನೇ ಸಾವು ನಮ್ಮ ಕಲಬುರಗಿದಾಗ ಆತಲ್ಲ, 2020ರ ಮಾರ್ಚ್ 10ಕ್ಕ. ಎಲ್ಲಾ ಊರಕ್ಕಿಂತ ಮೊದಲು ನಮ್ಮೂರ ಮಂದಿ ಮನಿ ಸೇರಿದ್ರು. ಖಾನಾವಳಿ ಮುಚ್ಚಿದ್ದು ಮುಚ್ಚೇ ಹೋತು. ಜೂನ್‌ದಾಗ ನಾನು, ನಮ್ಮ ನಾದಿನಿ ಎರಡು ಹಂಚು ಇಟ್ಟು ಕಟಿ ರೊಟ್ಟಿ ಬಡೀಲಾಕ ಕೂತ್ವಿ. ಒಂದಕ್ಕ 3 ರೂಪಾಯಿ. ದಿನಕ್ಕ 120.

ಮೊದಲನೇ ಸಲ ಬೆಂಗಳೂರಿಗಿ ರಾತ್ರಿ ಬಸ್ಸಿನಾಗ 200 ರೊಟ್ಟಿ ಹಾಕಿದ್ವಿ, 70 ಒಡದು ಪುಡಿ. ಗಿರಾಕಿ ಫೋಟೋ ಕಳಿಸಿದ್ರು, ಅತ್ತುಬಿಟ್ಟೆ. ಆಮ್ಯಾಲ ಹತ್ತತ್ತು ಜೋಡಿಸಿ ನಡುವ ರಟ್ಟು ಇಟ್ಟು, ಡಬ್ಬಿ ನಿಲ್ಲಸದಂಗ ಮಲಗಿಸಿ ಕಳಸೂದು ಕಲ್ತ್ವಿ. ಮಳಿಗಾಲದಾಗ ಬ್ಯಾರೆ ಕಾಟ: ತಂಪು ಹಿಡದ್ರ ಕಟಿ ರೊಟ್ಟಿ ಚರ್ಮ ಆಗ್ತದ. ಹಂಚಿನ ಮ್ಯಾಲಿಂದ ತಗದು ಒಲಿ ಬದಿಗಿ ನಿಲ್ಲಿಸಿ ಪೂರಾ ಒಣಗಿದ ಮ್ಯಾಲೇ ಕಟ್ಟಬೇಕು.

2022ರಾಗ ಆಹಾರ ಸಂಸ್ಕರಣೆ ಯೋಜನೆ ಒಳಗ 6 ಲಕ್ಷ ಸಾಲ ತಗೊಂಡೆ. ಕೇಂದ್ರದ್ದು ನೂರಕ್ಕ 35, ರಾಜ್ಯದ್ದು 15, ಅರ್ಧ ಸಬ್ಸಿಡಿ. ಸಬ್ಸಿಡಿ ಬರ್ಲಾಕ ಹದಿನಾಕು ತಿಂಗಳು ಹಿಡೀತು, ಅಲ್ಲಿ ತನಕ ಆರೂ ಲಕ್ಷದ ಕಂತು ನಾನೇ ಕಟ್ಟೀನಿ, ತಾಳಿ ಸರ ಅಡ ಇಟ್ಟು. ಮರುವರ್ಷ ಜ್ವಾಳ ಒಮ್ಮೆಲೆ 5,000 ದಾಟಿತು. ಆಗೂ ಒಂದು ದಿನ ಬಂದ್ ಮಾಡಿಲ್ಲ. ಈಗ ಜಿಲ್ಲಾಡಳಿತದೋರು "ಕಲಬುರಗಿ ರೊಟ್ಟಿ" ಅಂತ ಹೆಸರು ಕೊಟ್ಟು ಸ್ವಸಹಾಯ ಸಂಘದ ಹೆಣ್ಣಮಕ್ಕಳಿಗಿ ದಾರಿ ಮಾಡ್ಯಾರ. ನಮ್ಮಲ್ಲಿ ಹನ್ನೊಂದು ಮಂದಿ ಕೆಲಸ ಮಾಡ್ತಾರ. ತಾಳಿ ಸರ ಬಿಡಿಸಿಕೊಂಡೀನಿ.

ಗಂಜ್ ಅಡತಿ
ಅಕ್ಕಾರ, ನಿಮ್ಮ ಕಷ್ಟಕ್ಕ ಗೌರವ ಅದ. ಆದ್ರ ಹನ್ನೊಂದು ಮಂದಿ ರೊಟ್ಟಿ ಬಡದ್ರ ಜಿಲ್ಲಾದ ಆರ್ಥಿಕತೆ ಎದ್ದು ನಿಲ್ಲೂದಿಲ್ಲ. ಒಂದು ಮಿಲ್ ನಡದ್ರ ಹಮಾಲರು, ಲಾರಿ, ಬಾರದಾನ (ಖಾಲಿ ಚೀಲ), ಚುನ್ನಿ (ದನಕ್ಕ ಹಾಕೋ ಸಿಪ್ಪಿ-ನುಚ್ಚು) ಮಾರೋರು, ಎಲ್ಲಾ ನಡೀತದ.

ರೊಟ್ಟಿ ಅಕ್ಕ
ಹಂಗಾದ್ರ ನಿಮ್ಮ ನೂರಾರು ಮಿಲ್ಲಿನಾಗ ಎಷ್ಟು ಬಂದ್ ಬಿದ್ದಾವ ಹೇಳ್ರಿ. ಹೆಣ್ಣಮಗಳ ಕೈಗಿ ಬಂದ ರೊಕ್ಕ ಸಂಜಿಗಿ ಸೂಪರ್ ಮಾರ್ಕೆಟಿನಾಗ ಕಿರಾಣಿಗಿ, ಮಕ್ಕಳ ಫೀಸಿಗಿ ಹೋಗ್ತದ. 2023ರಿಂದ ಗೃಹಲಕ್ಷ್ಮಿ 2,000 ಬರ್ಲಾಕತ್ತಿದ ಮ್ಯಾಲ ನಿಮ್ಮ ಗಂಜಿನ ಕಿರಾಣಿ ಅಂಗಡಿಗಳೇ ಹೊಳ್ಳಿ ಗಿರಾಕಿ ಕಂಡಾವ. ನಮ್ಮನ್ನ ಲೆಕ್ಕದಾಗ ಇಡ್ರಿ.

ಬೀದರ್ ಸೋಯಾ
ನಾನು ಹೇಳೋದಾದ್ರ ಕಲಬುರಗಿ ಬಿಟ್ಟು ಬೀದರಕ್ಕ ಬರ್ರಿ. ಹೈದ್ರಾಬಾದ್ ಮೂರು ತಾಸು. ಉದ್ದು, ಹೆಸರು, ಸೋಯಾ, ಒಂದು ಬಿದ್ರ ಒಂದು ಹಿಡೀತದ. ನಾನು ಕೊಳಾರ ಇಂಡಸ್ಟ್ರಿಯಲ್ ಏರಿಯಾದಾಗ 2021ರಾಗ ಸಣ್ಣ ಕ್ಲೀನಿಂಗ್ ಯೂನಿಟ್ ಹಾಕೀನಿ. ಬೀದರ್–ಕಲಬುರಗಿ ರೈಲು 2017ರಾಗೇ ಶುರುವಾಗ್ಯಾದ, ನಿಮ್ಮ ಮನಿನೂ ದೂರ ಆಗೂದಿಲ್ಲ.

ಗಂಜ್ ಅಡತಿ
ಸೋಯಾದ್ದೇನು ಹೇಳ್ತೀರಿ! 2024ರಾಗ ಬೆಂಬಲ ಬೆಲಿ 4,892 ಇದ್ದಾಗ ನಿಮ್ಮ ರೈತರು ಎಷ್ಟಕ್ಕ ಕೊಟ್ರು ಅದನ್ನೂ ಬರೀರಿ. ಆ ರೈಲಿನ ಸುದ್ದಿ ಬ್ಯಾಡ, ನಮಗ 2014ರಾಗ ಘೋಷಣೆ ಆದ ರೈಲ್ವೆ ವಿಭಾಗ ಇನ್ನೂ ಶುರುವಾಗಿಲ್ಲ.

ಬೀದರ್ ಸೋಯಾ
ವಿಭಾಗ ಬರದಿದ್ರ ಅದಕ್ಕ ಬೀದರ ಏನು ಮಾಡ್ತದ? ನಿಮಗ ವಿಮಾನ ನಿಲ್ದಾಣ, ಕೇಂದ್ರೀಯ ವಿಶ್ವವಿದ್ಯಾಲಯ, ಬೆಂಗಳೂರಿಗಿ ವಂದೇ ಭಾರತ್, 2023ರಾಗ ಜವಳಿ ಪಾರ್ಕ್, ಎಲ್ಲಾ ಕಲಬುರಗಿಗೇ. ಕಲ್ಯಾಣ ಕರ್ನಾಟಕ ಅಂದ್ರ ಒಂದೇ ಜಿಲ್ಲಾ ಅಲ್ಲ. ನಮ್ಮ ವಿಮಾನ 2020ರಾಗ ಬಂದು ಎಷ್ಟು ಸಲ ನಿಂತದ ಅಂತ ನಾವು ಯಾರ ಮುಂದ ಹೇಳೂನು?

ಸುರಪುರ ಗೌಂಡಿ
ನೀವೆಲ್ಲಾ ವಿಮಾನದ ಸಲುವಾಗಿ ಜಗಳಾಡ್ರಿ. ನಾನು ಯಾದಗಿರಿ ಜಿಲ್ಲಾದಾಂವ, ಮುಂಬಯಿದಾಗ ಗೌಂಡಿ ಕೆಲಸ ಮಾಡ್ತಿದ್ದೆ. 2020ರ ಮೇದಾಗ ಹೆಂಡತಿ, ಎರಡು ಮಕ್ಕಳು, ಒಂದು ಗ್ಯಾಸ್ ಸ್ಟೋವ್ ಕಟಗೊಂಡು ಊರಿಗಿ ಬಂದೀವಿ. ಹದಿನಾಕು ದಿನ ಸಾಲಿ ಕಟ್ಟಡದಾಗ ಇಟ್ರು. ಉದ್ಯೋಗ ಖಾತ್ರಿದಾಗ ಹೊಂಡ ತೋಡಿ ಆ ಬ್ಯಾಸಗಿ ಕಳೆದ್ವಿ. ಆಗ ಅನಿಸಿತ್ತು, ಇನ್ನು ಊರು ಬಿಡೂದಿಲ್ಲ ಅಂತ. ಕಡೇಚೂರು ಕಡಿ ಕಂಪನಿ ಬಂದಾವ ಅಂತ ಮೂರು ಸಲ ಅಲೆದೆ. ಎರಡು ಕಡಿ ಗೇಟಿನಾಗೇ ಐಟಿಐ ಸರ್ಟಿಫಿಕೇಟ್ ಕೇಳಿದ್ರು, ಒಂದು ಕಡಿ ಕಾಂಟ್ರ್ಯಾಕ್ಟಿನ ಮ್ಯಾಲ ತಿಂಗಳಿಗಿ 11,000 ಅಂದ್ರು. ಬೆಂಗಳೂರಿನಾಗ ನನಗ ದಿನಕ್ಕ 1,000 ಬರ್ತದ. ಈಗ ಯಲಹಂಕದ ಶೆಡ್ಡಿನಾಗಿಂದ ಬರೀಲಾಕತ್ತೀನಿ.

ನಮ್ಮ ಭಾಗಕ್ಕ ವಿಶೇಷ ಮೀಸಲಾತಿ ಕೊಡೋ ಸಂವಿಧಾನದ 371(ಜೆ) ಬಂದು ಹತ್ತು ವರ್ಷದ ಮ್ಯಾಲಾತು. ಓದಿದ ಹುಡುಗರಿಗಿ ಸೀಟು, ನೌಕರಿ ಸಿಕ್ಕಾವ, ನನ್ನ ತಂಗಿ ಮಗನೂ ಅದರಾಗೇ ಮೆಡಿಕಲ್ ಓದ್ತಾನ, ಅದು ಸುಳ್ಳಲ್ಲ. ನಂಜುಂಡಪ್ಪ ವರದಿ ರಾಜ್ಯದಾಗ 39 ತಾಲೂಕು ಅತ್ಯಂತ ಹಿಂದುಳಿದಾವ ಅಂತ ಹೇಳಿದಾಗ 21 ನಮ್ಮ ಕಲಬುರಗಿ ವಿಭಾಗದವೇ ಇದ್ವು. ಆ ತಾಲೂಕಿನ ಓದದ ಮಂದಿ ಇನ್ನೂ ಬಸ್ ಹತ್ತಾಕತ್ತಾರ. ಬಸ್‌ಸ್ಟ್ಯಾಂಡಿನಾಗ ರಾತ್ರಿ ಎಂಟಕ್ಕ ನಿಂತು ನೋಡ್ರಿ, ಚೇತರಿಕೆ ಅಲ್ಲಿ ಕಾಣ್ತದ.

ಕಪನೂರ ತಮ್ಮಾ, ಮಿಲ್ ಮಾಡಿದ್ರ ಹಮಾಲರಿಗಿ ವಾರಕ್ಕೊಮ್ಮೆ ಪಗಾರ ತಪ್ಪಸಬ್ಯಾಡ. ನಮ್ಮ ಅಣ್ಣ ಒಂದು ಮಿಲ್ಲಿನಾಗ 2020ರ ಐದು ವಾರದ ಪಗಾರ ಇನ್ನೂ ಕಾಯ್ತಾನ.

ಕಪನೂರ ಹುಡುಗ
ಎಲ್ಲರಿಗೂ ಧನ್ಯವಾದ. ಸುರಪುರ ಅಣ್ಣಾರ, ನಿಮ್ಮ ಮಾತು ಓದಿ ಅಪ್ಪನ್ನ ಕೇಳಿದೆ. ನಮ್ಮ ಹಮಾಲರು ಆರು ಮಂದಿ, ಎಲ್ಲರದ್ದೂ ಆಗಲೇ ಅಪ್ಪ ಕೊಟ್ಟಾನ. ಅವ್ವನ ಬಳಿ ಮಾರಿ ಕೊಟ್ಟಾನಂತ, ನನಗ ಇವತ್ತು ಗೊತ್ತಾತು. ನನ್ನ ಪ್ರಶ್ನೆ ಉಳದದ: 40 ಲಕ್ಷ ತಗೋಬೇಕೋ ಬ್ಯಾಡೋ?

ನಿವೃತ್ತ ಬ್ಯಾಂಕರ್
ಮೂವತ್ತೊಂದು ವರ್ಷ ಸಾಲದ ವಿಭಾಗದಲ್ಲಿದ್ದೆ. ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹಾಕುವ ಬಡ್ಡಿ) 2023ರಲ್ಲಿ ಶೇ. 6.5 ಇತ್ತು, 2025ರಲ್ಲಿ ಇಳಿದಿದೆ ನಿಜ. ಬಡ್ಡಿ ಇಳಿಯಿತೆಂದು ಮನೆ ಅಡವಿಡಬೇಡಿ. ಸಿಜಿಟಿಎಂಎಸ್‌ಇ ಎಂಬ ಸಣ್ಣ ಉದ್ಯಮಗಳ ಸಾಲ ಗ್ಯಾರಂಟಿಯಡಿ ಅಡಮಾನವಿಲ್ಲದೆ ಸಾಲ ಕೊಡುವ ವ್ಯವಸ್ಥೆಯಿದೆ, ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಮಾಡಿಸಿ ಅದನ್ನೇ ಕೇಳಿ. ಮ್ಯಾನೇಜರ್ ಇಲ್ಲ ಅಂದರೆ ಲಿಖಿತದಲ್ಲಿ ಕೇಳಿ. ನನ್ನ ಕಾಲದಲ್ಲಿ ನಾನೇ ಮನೆ ಪತ್ರ ಕೇಳಿ ತಗೊಂಡಿದ್ದೇನೆ. ಅವುಗಳಲ್ಲಿ ಎರಡು ಮನೆ ಹರಾಜಿಗೆ ಹೋದವು. ಇಂದಿಗೂ ಆ ಓಣಿಯಲ್ಲಿ ಹೋಗುವುದಿಲ್ಲ.

ಗಂಜ್ ಅಡತಿ
ತಮ್ಮಾ, 18 ಲಕ್ಷದಾಗೇ ಮುಗಸು. ತೊಗರಿ ಖರೀದಿನೇ ಮಾಡಬ್ಯಾಡ. ಮಂದಿ ಮಾಲು ತಗೊಂಡು ಕೂಲಿ ಮ್ಯಾಲ ಬ್ಯಾಳಿ ಮಾಡಿಕೊಡು. ಕ್ವಿಂಟಲಿಗೆ 70 ಕಿಲೋ ಬ್ಯಾಳಿ ಕೊಟ್ರ ಮಂದಿ ಹುಡುಕ್ಕೊಂಡು ಬರ್ತಾರ.

ನಂದೂರ ಮಿಲ್
ಹಳೇ ರೋಲಿನ ಮ್ಯಾಲ 70 ಎಲ್ಲಿಂದ ಬರ್ತದ? ಫಟ್ಕಾ (ಒಂದನೇ ದರ್ಜೆ ಬ್ಯಾಳಿ) ಬೇಕಂದ್ರ 67, 68. ಸುಳ್ಳ ಆಸೆ ಹಚ್ಚಬ್ಯಾಡ್ರಿ. ಕೂಲಿ ಕೆಲಸಕ್ಕ ನನ್ನ ಒಪ್ಪಿಗಿ ಅದ. ಪ್ಯಾಕ್ ಮಾಡಿ ಸ್ವಂತ ಹೆಸರಿನಾಗ ಮಾರೂದಿದ್ರ ನೆನಪಿಡು: 2022ರ ಜುಲೈದಿಂದ 25 ಕಿಲೋ ತನಕದ ಲೇಬಲ್ ಪ್ಯಾಕಿಗಿ 5 ಪರ್ಸೆಂಟ್ ಜಿಎಸ್‌ಟಿ. ಅದಕ್ಕೇ ನಾವು 30 ಕಿಲೋ ಚೀಲ ಹಿಡದೀವಿ.

ಜೇವರ್ಗಿ ರೈತ
2019ರಾಗ ನಮ್ಮ ಬ್ಯಾಳಿಗಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಬಂದದ, ನಮ್ಮ ಎರಿ ಮಣ್ಣಿನ ಸುಣ್ಣದ ಗುಣಕ್ಕೇ ಆ ರುಚಿ ಅಂತ ಒಪ್ಪಿಕೊಂಡಾರ. 30 ಕಿಲೋ ಚೀಲದಾಗ ತುಂಬಿ ಊರ ಹೆಸರು ಇಲ್ಲದಂಗ ಮಾರಿದ್ರ ನಮಗೇನು ಬಂತು? ಕಪನೂರ ತಮ್ಮಾ, ಕೂಲಿ ಮ್ಯಾಲ ಮಾಡೂದಿದ್ರ ನಾನೇ ಮೊದಲು 10 ಕ್ವಿಂಟಲ್ ತರ್ತೀನಿ. 68 ಕಿಲೋ ಕೊಡು, ಚುನ್ನಿನೂ ನನಗ ಕೊಡು, ಎಮ್ಮಿ ಅದಾವ.

ನಂದೂರ ಮಿಲ್
ಚುನ್ನಿ ಮಿಲ್ಲಿಂದು. ಅದನ್ನೂ ಕೊಟ್ರ ಕೂಲಿನಾಗ ಕರೆಂಟ್ ಬಿಲ್ಲೂ ಹುಟ್ಟೂದಿಲ್ಲ.

ಜೇವರ್ಗಿ ರೈತ
ಅರ್ಧ ಅರ್ಧ.

ಕಪನೂರ ಹುಡುಗ
ಅರ್ಧಕ್ಕ ಅಪ್ಪ ಹೂಂ ಅಂದಾನ. ಜನವರಿ ರಾಶಿಗಿ ಬರ್ರಿ. ಮೋಟರ್ ಸುತ್ತಲಾಕ ಇವತ್ತು ಕೊಟ್ಟು ಬಂದೆ, 13,500 ಹೇಳ್ಯಾರ.

ನಂದೂರ ಮಿಲ್
ತಾಮ್ರದ ತಂತಿ ಹೌದಲ್ಲ? ಎದುರಿಗಿ ನಿಂತು ಸುತ್ತಿಸು. ಪಟ್ಟಾನೂ ಬದಲಿ ಮಾಡಿಸು, ಐದು ವರ್ಷ ನಿಂತದ್ದು ಮೊದಲನೇ ದಿನಾನೇ ಹರೀತದ.