ಅಪ್‌ಡೇಟ್: ಟೀ ಬಟ್ಟಲಿನೊಳಗೆ ಗ್ಲೇಜ್ ಕೊನೆಗೂ ನಿಂತಿತು

ನಾನು ಮಾಡುವ ಮಣ್ಣಿನ ಬಟ್ಟಲನ್ನು ಸುಟ್ಟ ಮೇಲೆ ಅದರ ಒಳಗೆ, ತಳದ ಸುತ್ತ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಮುದುಡಿಕೊಂಡು ಬೋಳು ಮಣ್ಣು ಕಾಣುತ್ತದೆ, ಯಾಕೆ ಅಂತ ಕೇಳಿದ್ದೆ. ಧೂಳು, ಜಿಡ್ಡು ಇರಬೇಕು ಅಂತ ಜಾಸ್ತಿ ಜನ ಹೇಳಿದಿರಿ. ಬಿಸ್ಕ್ ಆದ, ಅಂದರೆ ಗ್ಲೇಜ್ ಹಾಕುವ ಮೊದಲು ಒಮ್ಮೆ ಸುಟ್ಟ ಬಟ್ಟಲನ್ನು ಒದ್ದೆ ಸ್ಪಂಜಿನಿಂದ ಒರೆಸಿ ಆರಲು ಬಿಟ್ಟೆ. ಬೆಂಗಳೂರಿನ ಮಳೆಯಲ್ಲಿ ಅದೇ ಒಂದು ತಪಸ್ಸು, ಬಿಡಿ. ಸ್ವಲ್ಪ ಸುಧಾರಿಸಿತು, ಅಷ್ಟೇ.

ಅಸಲಿ ಕಾರಣ ಆಕಾರ. ಬೆಂಗಳೂರಿನ ಪಾಟರಿ ಟೌನಿನಲ್ಲಿ ಮಡಕೆ ಮಾಡುವ ಹಿರಿಯರೊಬ್ಬರು ಬಟ್ಟಲೊಳಗೆ ಬೆರಳಾಡಿಸಿ, "ಇಲ್ಲಿ ಮೂಲೆ ಇದೆಯಲ್ಲಮ್ಮಾ, ನೀರು ನಿಲ್ಲಲ್ವಾ?" ಎಂದರು. ಹೌದು! ತಳ ಗೋಡೆಗೆ ಸೇರುವಲ್ಲಿ ಗ್ಲೇಜ್ ದಪ್ಪಗೆ ನಿಲ್ಲುತ್ತಿತ್ತು. ದಪ್ಪ ಪದರ ಒಣಗುವಾಗಲೇ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕಿಲ್ನ್‌ನಲ್ಲಿ (ಸುಡುವ ಗೂಡಿನಲ್ಲಿ) 1220 ಡಿಗ್ರಿ ಸೆಲ್ಸಿಯಸ್ ಕಡೆಗೆ ಹೋಗುತ್ತಾ ಕರಗುವಾಗ, ಅದೇ ಬಿರುಕಿನಿಂದ ಹಿಂದೆ ಸರಿದು ಗುಂಡಗಾಗುತ್ತದೆ. ಈಗ ತಿಗರಿಯ ಮೇಲೇ ಮರದ ರಿಬ್ (ಮಣ್ಣನ್ನು ನಯಗೊಳಿಸುವ ಚಪ್ಪಟೆ ತುಂಡು) ಒತ್ತಿ ಒಳಗಡೆ ಮೂಲೆಯೇ ಇಲ್ಲದ ಹಾಗೆ ತಿರುಗಿಸುತ್ತೇನೆ. ಗ್ಲೇಜ್ ಸುರಿದು, ತಕ್ಷಣ ಬಗ್ಗಿಸಿ ಚೆಲ್ಲುತ್ತೇನೆ. ಒಣಗಿದ ಮೇಲೂ ಬಿರುಕು ಕಂಡರೆ ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಸಾಕು, ಮುಚ್ಚಿಕೊಳ್ಳುತ್ತದೆ.

"ಜಪಾನಿನಲ್ಲಿ ಮುದುಡಿದ ಗ್ಲೇಜ್‌ಗೇ ಬೆಲೆ" ಎಂದವರಿಗೆ: ನಿಜ, ಕೊರಿಯಾದಿಂದ ಅಲ್ಲಿಗೆ ಹೋದ 'ಇದೋ' ಎಂಬ ಟೀ ಬಟ್ಟಲುಗಳಲ್ಲಿ ಅದನ್ನು ಮೆಚ್ಚುತ್ತಾರೆ. ಆದರೆ ಅದು ಹೊರಗೆ, ಪಾದದ ಹತ್ತಿರ. ಟೀ ನಿಲ್ಲುವ ಒಳಮೈಯಲ್ಲಿ ನನಗಂತೂ ಬೇಡ.