ತಂಗಿಗೆ ಸಿಇಟಿ ಸೀಟ್ ಬಂತು, 3ಎ ಅಂದ್ರೆ ಸ್ಕಾಲರ್‌ಶಿಪ್ ಏನೂ ಸಿಗಲ್ಲ ಅಂತ ಸೈಬರ್‌ನವ್ರು ಹೇಳ್ತಿದಾರೆ, ನಿಜಾನಾ?

ನಾಪೋಕ್ಲು_ಹುಡುಗ:

ಎಲ್ರಿಗೂ ನಮಸ್ಕಾರ. ನಮ್ಮನೆ ನಾಪೋಕ್ಲು ಹತ್ರ. ತಂಗಿ ಈ ವರ್ಷ ಸೆಕೆಂಡ್ ಪಿಯು ಮುಗಿಸಿದ್ಲು, 91 ಪರ್ಸೆಂಟ್, ಸಿಇಟಿಲಿ ಮೈಸೂರಿನ ಒಂದು ಪ್ರೈವೇಟ್ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿದೆ. ಫೀಸು ವರ್ಷಕ್ಕೆ ಒಂದು ಲಕ್ಷ ದಾಟುತ್ತೆ, ಪಿಜಿ ಬಾಡಿಗೆ ಊಟ ಬೇರೆ. ಅಪ್ಪ ಆರ್ಮಿಲಿ ನಾಯಕ್ ಆಗಿ ರಿಟೈರ್ ಆದವ್ರು, ಪೆನ್ಷನ್ ಬರುತ್ತೆ, ಮತ್ತೆ ಎರಡೂವರೆ ಎಕ್ರೆ ಕಾಫಿ, ಅದೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ), ಕುಟುಂಬದ ಪಾಲು. ನಾನು ಕುಶಾಲನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಲಿ ಲೆಕ್ಕ ಬರಿತೀನಿ. ಆದಾಯ ಸರ್ಟಿಫಿಕೇಟಲ್ಲಿ 3 ಲಕ್ಷ 20 ಸಾವಿರ ಅಂತ ಬಂದಿದೆ.

ಮೊನ್ನೆ ಆ ಮಳೇಲಿ ಸೈಬರಿಗೆ ಹೋಗಿ ಎರಡು ಗಂಟೆ ಕೂತಿದ್ದಾಯ್ತು, ಎರಡು ಸಲ ಕರೆಂಟ್ ಹೋಯ್ತು, ಬಂದಾಗ ಸರ್ವರ್ ಇಲ್ಲ, ಕೊನೆಗೆ ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಓಪನ್ ಆದಾಗ ಆ ಹುಡುಗ ಆದಾಯ ನೋಡಿ, ಅಣ್ಣಾ ನೀವು ಹಿಂದುಳಿದ ವರ್ಗದಲ್ಲಿ 3ಎ, ಇಷ್ಟು ಇನ್‌ಕಮ್ ಇದ್ರೆ ಏನೂ ಬರಲ್ಲ, ಸುಮ್ನೆ 50 ರೂಪಾಯಿ ಯಾಕೆ ವೇಸ್ಟ್ ಮಾಡ್ತೀರ ಅಂದ. ಲೋನ್ ಕೇಳೋಣ ಅಂತ ಬ್ಯಾಂಕಿಗೆ ಹೋದ್ರೆ ಮ್ಯಾನೇಜರ್ ಜಾಗದ ದಾಖಲೆ ತನ್ನಿ ಅಂದ್ರು, ಆರ್‌ಟಿಸಿ ಕೊಟ್ರೆ ಅದರಲ್ಲಿ 23 ಹೆಸರು, ನೋಡಿ ನಕ್ಕು ವಾಪಸ್ ಕೊಟ್ರು. ಊರಲ್ಲಿ ಯಾರ್ ಹತ್ರ ಹೇಳಿದ್ರೂ ಕಾಫಿಗೆ ರೇಟ್ ಬಂದಿದ್ಯಲ್ಲ ನಿಮಗೇನಪ್ಪ ಅಂತಾರೆ. ನಿಜವಾಗ್ಲೂ ಏನೂ ಇಲ್ವಾ? ಗೊತ್ತಿದ್ದವ್ರು ಸ್ವಲ್ಪ ಹೇಳಿ.

ಮಡಿಕೇರಿ_ಮಂಜು:

ಸೈಬರ್ ಹುಡುಗ ಸುಳ್ಳು ಹೇಳಿಲ್ಲ ಬ್ರೋ, ಅರ್ಧ ಹೇಳಿದಾನೆ ಅಷ್ಟೆ. ಎಸ್‌ಎಸ್‌ಪಿಲಿ ಹಿಂದುಳಿದ ವರ್ಗದ ಸ್ಕಾಲರ್‌ಶಿಪ್, ವಿದ್ಯಾಸಿರಿ (ಹಾಸ್ಟೆಲ್ ಸಿಗದವ್ರಿಗೆ ಊಟ ವಸತಿಗೆ ಅಂತ ದುಡ್ಡು ಕೊಡ್ತಾರಲ್ಲ ಅದು) ಇದಕ್ಕೆಲ್ಲ ಆದಾಯ ಮಿತಿ ತುಂಬಾ ಕಮ್ಮಿ, ನಿಮ್ಮ 3.20 ಅದರೊಳಗೆ ಬರಲ್ಲ. ಆದ್ರೆ ಅವನು ಜಾತಿ ಕಾಲಂ ಒಂದನ್ನೇ ನೋಡಿದ. ಹುಡುಗಿ ಅಂತ ನೋಡಿಲ್ಲ, ಇಂಜಿನಿಯರಿಂಗ್ ಅಂತ ನೋಡಿಲ್ಲ, ಅಪ್ಪ ಮಿಲಿಟರಿ ಅಂತ ಕೇಳೇ ಇಲ್ಲ.

ಮೊದ್ಲು ಪ್ರಗತಿ ನೋಡಿ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಕೊಡೋ ಸ್ಕಾಲರ್‌ಶಿಪ್, ಹೆಣ್ಮಕ್ಕಳಿಗೆ ಮಾತ್ರ, ವರ್ಷಕ್ಕೆ 50 ಸಾವಿರ, ನಾಲ್ಕು ವರ್ಷ. ಮನೆ ಆದಾಯ 8 ಲಕ್ಷದ ಒಳಗಿದ್ರೆ ಸಾಕು, ಜಾತಿ ಯಾವ್ದಾದ್ರೂ ಹಾಕಬಹುದು. ಫಸ್ಟ್ ಇಯರಲ್ಲೇ ಹಾಕ್ಬೇಕು, ಒಂದು ಮನೆಯಿಂದ ಇಬ್ಬರು ಹುಡುಗೀರ ತನಕ. ಅಪ್ಲಿಕೇಶನ್ ಎಸ್‌ಎಸ್‌ಪಿಲಿ ಅಲ್ಲ, ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್ಲಲ್ಲಿ. ಪಿಯು ಮಾರ್ಕ್ಸ್ ಮೇಲೆ ಸೆಲೆಕ್ಷನ್, 91 ಇದ್ರೆ ಖಂಡಿತ ಹಾಕಿ. ಅದು ಆಗ್ಲಿಲ್ಲ ಅಂದ್ರೆ ಅದೇ ಪೋರ್ಟಲ್ಲಲ್ಲಿ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಅಂತ ಉಂಟು, ಆದಾಯ 4.5 ಲಕ್ಷದ ಒಳಗೆ, ಬೋರ್ಡಲ್ಲಿ ಮೇಲಿನ 20 ಪರ್ಸೆಂಟೈಲ್ ಒಳಗೆ ಇರ್ಬೇಕು, ಮೊದಲ ಮೂರು ವರ್ಷ 12 ಸಾವಿರ, ಇಂಜಿನಿಯರಿಂಗ್‌ನವ್ರಿಗೆ ನಾಲ್ಕನೇ ವರ್ಷ 20 ಸಾವಿರ.

ಪೊನ್ನಂಪೇಟೆ_ಆಂಟಿ:

ಅಪ್ಪ ಎಕ್ಸ್ ಸರ್ವಿಸ್‌ಮನ್ ಅಂತ ಬರ್ದು ಸೈನಿಕ ಕಲ್ಯಾಣ ಇಲಾಖೆಗೆ ಹೋಗದೆ ಸೈಬರಿಗೆ ಹೋಗಿದ್ದೀಯಲ್ಲ ಮಗ! ಕೊಡಗಲ್ಲಿ ಹುಟ್ಟಿ ಇದು ಗೊತ್ತಿಲ್ಲ ಅಂದ್ರೆ ಹೇಗೆ.

ಪ್ರೈಮ್ ಮಿನಿಸ್ಟರ್ಸ್ ಸ್ಕಾಲರ್‌ಶಿಪ್ ಸ್ಕೀಮ್, ಪಿಎಂಎಸ್‌ಎಸ್ ಅಂತ. ಕೇಂದ್ರೀಯ ಸೈನಿಕ ಬೋರ್ಡಿಂದ ಮಾಜಿ ಸೈನಿಕರ ಮಕ್ಕಳಿಗೆ ಕೊಡ್ತಾರೆ, ಹುಡುಗಿಗೆ ತಿಂಗಳಿಗೆ 3000, ಹುಡುಗನಿಗೆ 2500, ಅಂದ್ರೆ ನಿನ್ನ ತಂಗಿಗೆ ವರ್ಷಕ್ಕೆ 36 ಸಾವಿರ. ಇಡೀ ದೇಶಕ್ಕೆ ವರ್ಷಕ್ಕೆ 5500 ಮಕ್ಕಳು, ಅರ್ಧ ಹುಡುಗೀರು. ಪಿಯುಲಿ 60 ಪರ್ಸೆಂಟ್ ಇರ್ಬೇಕು, ಪ್ರೊಫೆಷನಲ್ ಕೋರ್ಸ್ ಆಗಿರ್ಬೇಕು, ಸುಮ್ನೆ ಬಿಎ ಬಿಕಾಂಗೆ ಇಲ್ಲ. ಯುದ್ಧದಲ್ಲಿ ತೀರಿಕೊಂಡವ್ರ ಮಕ್ಕಳಿಗೆ, ಗಾಯ ಆದವ್ರ ಮಕ್ಕಳಿಗೆ, ಶೌರ್ಯ ಪದಕದವ್ರಿಗೆ ಮೊದ್ಲು, ಆಮೇಲೆ ನಮ್ಮಂಥವ್ರಿಗೆ. ಇದೂ ಫಸ್ಟ್ ಇಯರಲ್ಲೇ ಹಾಕ್ಬೇಕು, ಮುಂದಿನ ವರ್ಷ ನೋಡೋಣ ಅಂದ್ರೆ ಮುಗೀತು.

ನಮ್ಮ ಯಜಮಾನ್ರು ಹವಾಲ್ದಾರ್, ನನ್ನ ಮಗಳಿಗೆ ಬಂದಿದೆ. ಫಾರಂ ಕೇಂದ್ರೀಯ ಸೈನಿಕ ಬೋರ್ಡಿನ ವೆಬ್‌ಸೈಟಲ್ಲಿ, ಆದ್ರೆ ಎಕ್ಸ್ ಸರ್ವಿಸ್‌ಮನ್ ಅನ್ನೋ ಸರ್ಟಿಫಿಕೇಟಿಗೆ ಸೈನಿಕ ಕಲ್ಯಾಣದ ಮಡಿಕೇರಿ ಆಫೀಸಲ್ಲಿ ಸಹಿ ಸೀಲ್ ಬೇಕು. ಅಪ್ಪನ ಡಿಸ್ಚಾರ್ಜ್ ಬುಕ್, ಪಿಪಿಓ (ಪೆನ್ಷನ್ ಆರ್ಡರ್) ಎರಡೂ ತಗೊಂಡ್ ಹೋಗು. ಮುಖ್ಯ ವಿಷಯ, ಅದರಲ್ಲಿ ತಂಗಿ ಹೆಸರು ಇದ್ಯಾ, ಸ್ಪೆಲಿಂಗ್ ಏನು ಅಂತ ಮೊದ್ಲು ನೋಡು. ನಮ್ಮಲ್ಲಿ ಆದ ಗೋಳು ಕೇಳು: ಮಾರ್ಕ್ಸ್ ಕಾರ್ಡಲ್ಲಿ ಮನೆ ಹೆಸರಿಗೆ ಬರೀ ಇನಿಷಿಯಲ್, ಆಧಾರಲ್ಲಿ ಪೂರ್ತಿ ಮನೆ ಹೆಸರು ಮುಂದೆ, ಅಪ್ಪನ ಪೇಪರಲ್ಲಿ ಮನೆ ಹೆಸರೇ ಇಲ್ಲ. ಒಂದೇ ಹುಡುಗಿ ಮೂರು ಹುಡುಗಿ ಆಗಿಬಿಟ್ಟಿದ್ಲು. ಅಫಿಡವಿಟ್, ಆಧಾರ್ ತಿದ್ದುಪಡಿ ಅಂತ ಒಂದೂವರೆ ತಿಂಗಳು ಓಡಾಡಿದ್ದೀವಿ, ಕೊನೇ ದಿನಕ್ಕೆ ಮೂರು ದಿನ ಇರುವಾಗ ಸಬ್‌ಮಿಟ್ ಆಯ್ತು.

ಮಡಿಕೇರಿ_ಮಂಜು:

ಆಂಟಿ ಹೇಳಿದ್ದು ಸೂಪರ್, ಅದು ನನಗೆ ಹೊಳೆದೇ ಇರ್ಲಿಲ್ಲ. ಒಂದು ಮಾತು, ಪ್ರಗತಿ ಮತ್ತೆ ಪಿಎಂಎಸ್‌ಎಸ್ ಎರಡೂ ಸರ್ಕಾರಿ ದುಡ್ಡು, ಎರಡೂ ಒಟ್ಟಿಗೆ ತಗೊಳ್ಳೋ ಹಾಗಿಲ್ಲ. ಎರಡರಲ್ಲೂ ಸೆಲೆಕ್ಷನ್ ಗ್ಯಾರಂಟಿ ಇಲ್ಲದ ಕಾರಣ ಎರಡೂ ರೆಡಿ ಮಾಡಿಟ್ಕೊಳ್ಳಿ, ಯಾವ್ದು ಆಯ್ತೋ ಅದನ್ನ ಇಟ್ಕೊಂಡು ಇನ್ನೊಂದನ್ನ ಬಿಡಿ. ನನ್ನ ಕೇಳಿದ್ರೆ ಪ್ರಗತಿ, 14 ಸಾವಿರ ಜಾಸ್ತಿ ಅಲ್ವಾ.

ಕುಶಾಲನಗರ_ಸೇತುವೆ:

ಬೇಜಾರಾಗ್ಬೇಡಿ, ನನಗೊಂದು ಅರ್ಥ ಆಗ್ತಿಲ್ಲ. ಕುಶಾಲನಗರದಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇಟ್ಕೊಂಡು ಮೈಸೂರಿನ ಪ್ರೈವೇಟ್ ಕಾಲೇಜು ಯಾಕೆ? ಫೀಸು ಎಷ್ಟೋ ಪಾಲು ಕಮ್ಮಿ, ನೀವೂ ಅಲ್ಲೇ ಕೆಲಸ ಮಾಡೋದು, ರೂಮ್ ಬಾಡಿಗೆ ಉಳಿಯುತ್ತೆ. ಹೆಣ್ಮಕ್ಕಳಿಗೆ 2023ರಿಂದ ಶಕ್ತಿ ಯೋಜನೆಲಿ ಕೆಎಸ್‌ಆರ್‌ಟಿಸಿ ಬಸ್ಸು ಫ್ರೀ, ಮಡಿಕೇರಿ ಸೋಮವಾರಪೇಟೆ ಕಡೆಯಿಂದ ದಿನಾ ಬಂದು ಹೋಗೋ ಮಕ್ಕಳಿದ್ದಾರೆ. ಸ್ಕಾಲರ್‌ಶಿಪ್ ಹುಡುಕೋ ಮುಂಚೆ ಖರ್ಚು ಕಮ್ಮಿ ಮಾಡೋದು ನೋಡಿ ಅಂತ ನನ್ನ ಲೆಕ್ಕ.

ನಾಪೋಕ್ಲು_ಹುಡುಗ:

ಬೇಜಾರೇನಿಲ್ಲ ಅಣ್ಣ, ನಾನೂ ಅದೇ ಹೇಳಿದ್ದೆ. ಅವಳು ಮೂರು ದಿನ ಮಾತಾಡ್ಲಿಲ್ಲ. ಮುಂದಿನ ರೌಂಡಿಗೆ ಆಪ್ಷನ್ ಬದಲಾಯಿಸ್ಬೇಕಾ ಅಂತ ಮನೇಲಿ ಇನ್ನೂ ಯುದ್ಧ ನಡೀತಿದೆ, ಅಪ್ಪ ಅವಳ ಪಾರ್ಟಿ.

ಸಿದ್ದಾಪುರ_ಲೈನ್‌ಮನೆ:

ನಾನು ಡಿಗ್ರಿ ಫೈನಲ್ ಇಯರ್, ಅಮ್ಮ ಎಸ್ಟೇಟ್ ಕೆಲಸಕ್ಕೆ ಹೋಗ್ತಾರೆ. ಈ ಥ್ರೆಡ್ ನಮ್ಮಂಥ ಬೇರೆಯವ್ರೂ ಓದ್ತಾರೆ ಅಂತ ನನ್ನ ಕಥೆನೂ ಹಾಕ್ತಿದೀನಿ.

ಅಕ್ಕ, ನಾನು ಇಬ್ಬರೂ ಎಸ್‌ಸಿ, ನಮಗೆ ಎಸ್‌ಎಸ್‌ಪಿಲೇ ಬರುತ್ತೆ, ಮಡಿಕೇರಿಲಿ ಸರ್ಕಾರಿ ಹಾಸ್ಟೆಲ್ ಸಿಕ್ಕಿದ್ರಿಂದ ಓದಕ್ಕಾಯ್ತು. ಆದ್ರೆ ಪ್ರೋತ್ಸಾಹಧನ ಅಂತ ಬೇರೇನೇ ಒಂದಿದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಎಸ್‌ಸಿ ಎಸ್‌ಟಿ ಮಕ್ಕಳು ಮೊದಲ ಸಲಕ್ಕೇ ಫಸ್ಟ್ ಕ್ಲಾಸಲ್ಲಿ ಪಾಸಾದ್ರೆ ಪಿಯುಸಿ ಡಿಪ್ಲೊಮಾಗೆ 20 ಸಾವಿರ, ಡಿಗ್ರಿಗೆ 25, ಪಿಜಿಗೆ 30, ಇಂಜಿನಿಯರಿಂಗ್ ಮೆಡಿಕಲ್ ಥರದ್ದಕ್ಕೆ 35. ಅದು ಸ್ಕಾಲರ್‌ಶಿಪ್ ಜೊತೆ ತಾನಾಗೇ ಬರಲ್ಲ, ಬೇರೆ ಅಪ್ಲಿಕೇಶನ್.

ಪಿಯುಸಿದು ನನಗೆ ಮಂಜೂರಾಯ್ತು ಅಂತ ತೋರಿಸ್ತಿತ್ತು, ಅಕೌಂಟಿಗೆ ಬಂದಿಲ್ಲ. ನಾಲ್ಕು ತಿಂಗಳು. ಕಾಲೇಜಲ್ಲಿ ಕೇಳಿದ್ರೆ ಇಲಾಖೆ ಅಂತಾರೆ, ಇಲಾಖೆಲಿ ಕೇಳಿದ್ರೆ ಕಳಿಸಿ ಆಗಿದೆ ಅಂತಾರೆ. ಕೊನೆಗೆ ಅಲ್ಲಿ ಒಬ್ರು ಮೇಡಂ ಆಧಾರ್ ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆಗ್ದು ತೋರಿಸಿದ್ರು, ನಾನು ಕೇಳೇ ಇರದ ಒಂದು ಅಕೌಂಟ್! ಜಾತ್ರೆಲಿ ಕೊಡೆ ಕೆಳಗೆ ಕೂತು ಸಿಮ್ ಮಾರ್ತಿದ್ದವನ ಹತ್ರ ಬೆರಳು ಒತ್ತಿದ್ದೆ, ಅವನು ಅದರಲ್ಲೇ ಒಂದು ಅಕೌಂಟೂ ಓಪನ್ ಮಾಡಿ ಆಧಾರ್ ಅಲ್ಲಿಗೆ ಲಿಂಕ್ ಮಾಡ್ಬಿಟ್ಟಿದ್ದ. 20 ಸಾವಿರ ಅಲ್ಲಿ ಹಾಯಾಗಿ ಮಲಗಿತ್ತು. ಅಪ್ಲಿಕೇಶನಲ್ಲಿ ಯಾವ ಪಾಸ್‌ಬುಕ್ ಕೊಟ್ರೂ ದುಡ್ಡು ಹೋಗೋದು ಆಧಾರ್ ಕೊನೇಲಿ ಎಲ್ಲಿ ಮ್ಯಾಪ್ ಆಗಿದ್ಯೋ ಅಲ್ಲಿಗೇ. ಅದಕ್ಕೆ ಅಪ್ಲಿಕೇಶನ್ ಹಾಕೋ ಮುಂಚೆ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರಿ ದುಡ್ಡು ಯಾವ ಅಕೌಂಟಿಗೆ ಹೋಗ್ಬೇಕು ಅಂತ ಆಧಾರಿಗೆ ಜೋಡಿಸೋದು) ಮಾಡ್ಸಿ, ಬರೀ ಆಧಾರ್ ಲಿಂಕ್ ಅಂದ್ರೆ ಸಾಲಲ್ಲ, ಅವ್ರು ಹೂಂ ಆಗಿದೆ ಅಂತ ಕಳಿಸ್ಬಿಡ್ತಾರೆ.

ಇನ್ನೊಂದು, ಎಸ್ಟೇಟ್ ಕೆಲಸದವ್ರ ಮಕ್ಕಳಿಗೆ ಕಾಫಿ ಬೋರ್ಡಿಂದ ಓದಕ್ಕೆ ಸಹಾಯಧನ ಇದೆ, ತೋಟದವ್ರ ಹತ್ರ ಕೆಲಸದ ಸರ್ಟಿಫಿಕೇಟ್ ಬರೆಸ್ಕೊಂಡು ಹತ್ರದ ಕಾಫಿ ಬೋರ್ಡ್ ಆಫೀಸಲ್ಲಿ ಕೇಳಿ. ನಮ್ಮ ಲೈನಲ್ಲಿ ಒಂದೇ ಮನೆಯವ್ರು ಹಾಕಿದ್ರು, ಉಳಿದವ್ರಿಗೆ ಇದು ಇರೋದೇ ಗೊತ್ತಿರ್ಲಿಲ್ಲ. ತೋಟದ ಲೆಕ್ಕ ಬರಿಯೋ ರೈಟರ್‌ಗೆ ಗೊತ್ತಿತ್ತಂತೆ, ಹೇಳಿಲ್ಲ.

ಸಂಪಾಜೆ_ಘಾಟಿ:

ರೈತರ ಮಕ್ಕಳಿಗೆ ರಾಜ್ಯದ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಯಾರೂ ಹೇಳ್ಲಿಲ್ಲ. 2021ರಲ್ಲಿ ಶುರು ಮಾಡಿದ್ದು, ಇಂಜಿನಿಯರಿಂಗಿಗೆ ಹುಡುಗರಿಗೆ 10 ಸಾವಿರ, ಹುಡುಗಿಯರಿಗೆ 11 ಸಾವಿರ ಅಂತ ಇಟ್ಟಿದ್ರು. ಆದ್ರೆ ಅದಕ್ಕೆ ಫ್ರೂಟ್ಸ್ ಐಡಿ (ಎಫ್‌ಐಡಿ, ರೈತ ಅಂತ ಸರ್ಕಾರದಲ್ಲಿ ನೋಂದಾಯಿಸಿದ ನಂಬರ್) ಬೇಕು, ಅಪ್ಪ ಅಮ್ಮನ ಹೆಸರಲ್ಲಿ ಆರ್‌ಟಿಸಿ ಬೇಕು, ಇಲ್ಲೇ ಇರೋದು ನಮ್ಮ ಕೊಡಗಿನ ಕಷ್ಟ. ನನ್ನ ಫ್ರೆಂಡಿನ ಮನೇಲಿ ಮೂರು ತಲೆಮಾರಿಂದ ಅವ್ರೇ ಆ ತೋಟದಲ್ಲಿ ದುಡಿಯೋದು, ಆರ್‌ಟಿಸಿಲಿ ಪಟ್ಟೇದಾರ ಅಂತ ಯಾವಾಗ್ಲೋ ತೀರಿಹೋದ ದೊಡ್ಡಜ್ಜನ ಹೆಸರು. ಸರ್ಕಾರದ ಕಂಪ್ಯೂಟರ್ ಪ್ರಕಾರ ದೊಡ್ಡಜ್ಜ ರೈತ, ಇವ್ರು ಯಾರೋ ದಾರಿಹೋಕರು. ನಿಮ್ಮ ಆರ್‌ಟಿಸಿಯ 23 ಹೆಸರಲ್ಲಿ ಅಪ್ಪಂದು ಉಂಟಾ ನೋಡಿ, ಇದ್ರೆ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ ಮಾಡಿಸ್ಕೊಳ್ಳಿ, ಇದಕ್ಕಲ್ಲದಿದ್ರೂ ಬೆಳೆ ಪರಿಹಾರಕ್ಕೆ ಹೇಗೂ ಬೇಕು.

ವಿರಾಜಪೇಟೆ_ಲೆಡ್ಜರ್:

ಬ್ಯಾಂಕಲ್ಲಿ 31 ವರ್ಷ ಇದ್ದು ರಿಟೈರ್ ಆದವ್ನು, ಲೋನ್ ವಿಷಯ ನಾನು ಹೇಳ್ತೀನಿ.

ಮ್ಯಾನೇಜರ್ ಜಾಗದ ಪೇಪರ್ ಕೇಳಿದ್ದೇ ತಪ್ಪು. ವಿದ್ಯಾ ಸಾಲ 4 ಲಕ್ಷದ ತನಕ ಅಡಮಾನನೂ ಇಲ್ಲ, ಕೈಯಿಂದ ಮಾರ್ಜಿನ್ ಹಾಕೋದೂ ಇಲ್ಲ. ಏಳೂವರೆ ಲಕ್ಷದ ತನಕ ಸರ್ಕಾರದ ಕ್ರೆಡಿಟ್ ಗ್ಯಾರಂಟಿ ಇದೆ, ತಂದೆನೋ ತಾಯಿನೋ ಜಂಟಿಯಾಗಿ ಸಹಿ ಹಾಕಿದ್ರೆ ಆಯ್ತು, ಜಾಗ ಜಮ್ಮಾ ಆಗ್ಲಿ ಬಾಣೆ ಆಗ್ಲಿ ಅದರ ಸುದ್ದಿಗೇ ಹೋಗೋ ಹಾಗಿಲ್ಲ. ಬಾಯಲ್ಲಿ ಕೇಳ್ಬೇಡಿ, ವಿದ್ಯಾಲಕ್ಷ್ಮಿ ಪೋರ್ಟಲ್ಲಲ್ಲಿ ಅಪ್ಲಿಕೇಶನ್ ಹಾಕಿ. ಬಾಯಲ್ಲಿ ಕೇಳಿದವ್ನಿಗೆ ಬಾಯಲ್ಲೇ ಇಲ್ಲ ಅನ್ನಬಹುದು, ಪೋರ್ಟಲ್ಲಲ್ಲಿ ಬಂದದ್ದನ್ನ ತಿರಸ್ಕಾರ ಮಾಡೋಕೆ ಕಾರಣ ಬರೀಬೇಕು, ಆ ಕಾರಣ ಮೇಲಿನವ್ರು ನೋಡ್ತಾರೆ. ಇದು ನಾನು ಆ ಕಡೆ ಕುರ್ಚಿಲಿ ಕೂತು ಕಂಡ ಸತ್ಯ.

ಬಡ್ಡಿ ವಿಷಯ. ಆದಾಯ 4.5 ಲಕ್ಷದ ಒಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ರೆ, ಓದೋ ಅವಧಿ ಮತ್ತೆ ಮೇಲೊಂದು ವರ್ಷದ ಪೂರ್ತಿ ಬಡ್ಡಿ ಕೇಂದ್ರ ಕಟ್ಟುತ್ತೆ. ನಿಮ್ಮ 3.20 ಇದರೊಳಗೇ ಬರುತ್ತೆ. 2024ರ ನವೆಂಬರಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಹೊಸದು ಬಂತು, ಅದರಲ್ಲಿ 8 ಲಕ್ಷ ಆದಾಯದ ತನಕ 3 ಪರ್ಸೆಂಟ್ ಬಡ್ಡಿ ರಿಯಾಯಿತಿ, ಆದ್ರೆ ಅದು ಕೇಂದ್ರದ ಎನ್‌ಐಆರ್‌ಎಫ್ ಕಾಲೇಜು ರ್‍ಯಾಂಕಿಂಗಲ್ಲಿ ಮೇಲಿರೋ ಆಯ್ದ ಕಾಲೇಜುಗಳಿಗೆ ಮಾತ್ರ, ನಿಮ್ಮ ಕಾಲೇಜು ಪಟ್ಟಿಲಿ ಇದ್ಯಾ ನೋಡ್ಕೊಳ್ಳಿ.

ಇನ್ನು ಅಪ್ಪನ ಬೆಳೆ ಸಾಲ ಕಟ್ಬಾಕಿ ಇದ್ರೆ ಸಿಬಿಲ್ ತೆಗಿತಾರೆ. ಅದನ್ನ ಮೊದ್ಲೇ ಸರಿ ಮಾಡ್ಕೊಳ್ಳಿ. ಪಕ್ಕದ ಕೇರಳದಲ್ಲಿ 2023ರಲ್ಲಿ ಹೈಕೋರ್ಟು, ಸಿಬಿಲ್ ಸ್ಕೋರ್ ಕಮ್ಮಿ ಅಂತ ವಿದ್ಯಾ ಸಾಲ ನಿರಾಕರಿಸೋ ಹಾಗಿಲ್ಲ ಅಂದಿದೆ, ಆದ್ರೆ ಕೋರ್ಟು ಮೆಟ್ಟಿಲು ಹತ್ತೋ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತೆ.

ನೆಲ್ಯಹುದಿಕೇರಿ_ಫಾತಿ:

ನನ್ನ ತಮ್ಮನಿಗೆ ಕೆಎಂಡಿಸಿ (ರಾಜ್ಯದ ಅಲ್ಪಸಂಖ್ಯಾತರ ನಿಗಮ) ಕೊಡೋ ಅರಿವು ಅನ್ನೋ ವಿದ್ಯಾ ಸಾಲ ಸಿಕ್ಕಿತು, ನಾವು ಅಲ್ಪಸಂಖ್ಯಾತರು. ಬಡ್ಡಿ ಬರೀ 2 ಪರ್ಸೆಂಟ್, ಸಿಇಟಿ ನೀಟ್ ಸೀಟಿನವ್ರಿಗೆ. ಹಿಂದುಳಿದ ವರ್ಗದವ್ರಿಗೆ ದೇವರಾಜ ಅರಸು ನಿಗಮದಲ್ಲೂ ಅರಿವು ಇದೆ, ನಿಮ್ಮ ಆದಾಯಕ್ಕೆ ಆಗುತ್ತಾ ಅಂತ ಮಡಿಕೇರಿ ಆಫೀಸಲ್ಲಿ ವಿಚಾರಿಸಿ ಅಣ್ಣ. ಪ್ರತಿ ವರ್ಷ ರಿನೀವಲ್ ಹಾಕ್ಬೇಕು, ತಮ್ಮ ಎರಡನೇ ವರ್ಷ ಮರೆತು ಹೋಗಿ ಉಮ್ಮನ ಬಳೆ ಅಡ ಇಡ್ಬೇಕಾಯ್ತು.

ನಿಮ್ಮ ತಂಗಿ ಹತ್ತನೇ ಕ್ಲಾಸೂ ಸರ್ಕಾರಿ ಸ್ಕೂಲಾ? ಹತ್ತು ಮತ್ತೆ ಪಿಯು ಎರಡೂ ಸರ್ಕಾರಿ ಆಗಿದ್ರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಹಾಕಿ, ಹೆಣ್ಮಕ್ಕಳಿಗೆ ಮಾತ್ರ, ವರ್ಷಕ್ಕೆ 30 ಸಾವಿರ ಕೋರ್ಸ್ ಮುಗಿಯೋ ತನಕ. 2025ರಿಂದ ಕರ್ನಾಟಕಕ್ಕೂ ಬಂದಿದೆ, ಸೆಪ್ಟೆಂಬರ್ ಹೊತ್ತಿಗೆ ಓಪನ್ ಆಗಿತ್ತು. ಫೌಂಡೇಶನ್ನಿನ ಸೈಟಲ್ಲೇ ಹಾಕೋದು, ದುಡ್ಡು ಕೇಳೋ ಏಜೆಂಟ್ ಸಿಕ್ಕಿದ್ರೆ ನಂಬ್ಬೇಡಿ, ಅಪ್ಲಿಕೇಶನ್ ಫ್ರೀ.

ನಾಪೋಕ್ಲು_ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಇದೆ ಅಂತ ಗೊತ್ತೇ ಇರ್ಲಿಲ್ಲ. ಫಾತಿ ಅಕ್ಕ, ಹತ್ತನೇ ಕ್ಲಾಸ್, ಪಿಯು ಎರಡೂ ಸರ್ಕಾರಿದೇ.

ಅಪ್‌ಡೇಟ್. ನಿನ್ನೆ ಅಟ್ಟದಿಂದ ಅಪ್ಪನ ಕಪ್ಪು ಟ್ರಂಕು ಇಳಿಸಿದ್ವಿ. ಬೀಗದ ಕೀ ಕಳ್ದೋಗಿ ಎಷ್ಟೋ ವರ್ಷ ಆಗಿತ್ತು, ಕತ್ತಿಲಿ ಎಬ್ಬಿಸಿದ್ದು. ಡಿಸ್ಚಾರ್ಜ್ ಬುಕ್ ಸಿಕ್ತು, ಅಂಚು ಒಂದಿಷ್ಟು ಗೆದ್ದಲು ತಿಂದಿದೆ, ಒಳಗೆ ಚೆನ್ನಾಗಿದೆ. ನನ್ನ ಹೆಸರಿದೆ, ತಂಗಿ ಹೆಸರಿಲ್ಲ, ಅವಳು ಹುಟ್ಟಿದ್ದು ಅಪ್ಪ ರಿಟೈರ್ ಆದ್ಮೇಲೆ. ಆಂಟಿ ನೀವು ಹೇಳದಿದ್ರೆ ಕೊನೇ ದಿನ ಗೊತ್ತಾಗ್ತಿತ್ತು. ಮಡಿಕೇರಿಗೆ ಫೋನ್ ಮಾಡಿದ್ದೆ, ಬರ್ತ್ ಸರ್ಟಿಫಿಕೇಟ್ ತಗೊಂಡು ಅಪ್ಪನ್ನೇ ಕರ್ಕೊಂಡ್ ಬನ್ನಿ ಅಂದ್ರು, ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ತಿದೀವಿ. ಅಪ್ಪ ಈಗ್ಲೇ ಪ್ಯಾಂಟು ಇಸ್ತ್ರಿ ಮಾಡ್ಕೊಂಡು ಶೂಗೆ ಪಾಲಿಶ್ ಹಾಕ್ತಾ ಕೂತಿದಾರೆ, ಹೊರಗೆ ನೋಡಿದ್ರೆ ಮಳೆ ಹೊಡಿತಾ ಇದೆ, ಚಪ್ಪಲಿ ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ.

ಪೊನ್ನಂಪೇಟೆ_ಆಂಟಿ:

ಹಾಕ್ಕೊಂಡ್ ಬರ್ಲಿ ಬಿಡು ಮಗ. ಮೂರ್ನಾಲ್ಕು ಜೆರಾಕ್ಸ್ ಜಾಸ್ತಿ ಇಟ್ಕೋ, ಪ್ಲಾಸ್ಟಿಕ್ ಕವರಲ್ಲಿ.