ಸಹಾಯ ಬೇಕು: ಅಂಗಾಲಿನ ಜಡ್ಡು, ಅದರ ಪಕ್ಕದಲ್ಲೇ ನೀರುಗುಳ್ಳೆ

ಎಲ್ಲರಿಗೂ ನಮಸ್ಕಾರ. ದಿನಕ್ಕೆ 8 ಗಂಟೆ ನಿಂತೇ ಮಾಡುವ ಕೆಲಸ ನನ್ನದು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಚರ್ಮ ಜಡ್ಡುಗಟ್ಟಿ ವರ್ಷವಾಯಿತು. ಈಗ ಅದರ ಅಂಚಿನಲ್ಲೇ ನೀರುಗುಳ್ಳೆ ಏಳುತ್ತಿದೆ. ಒಂದು ಒಣಗುವಷ್ಟರಲ್ಲಿ ಇನ್ನೊಂದು ರೆಡಿ! ಬೆಳಿಗ್ಗೆ ಮೊದಲ ನಾಲ್ಕು ಹೆಜ್ಜೆ ಇಡುವಾಗ ಗಾಜಿನ ಚೂರಿನ ಮೇಲೆ ಕಾಲಿಟ್ಟ ಹಾಗೆ ಆಗುತ್ತದೆ.

ಮಾಡಿದ್ದೇನು ಅಂದರೆ, ರಾತ್ರಿ ಬಿಸಿನೀರಲ್ಲಿ ಕಾಲು ನೆನೆಸಿ ಪ್ಯೂಮಿಸ್ ಕಲ್ಲಿನಿಂದ ಉಜ್ಜುತ್ತೇನೆ, ಮೇಲೆ ಯೂರಿಯಾ ಇರುವ ಕ್ರೀಮ್. ಎರಡು ದಿನ ಹಾಯೆನಿಸುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಒಮ್ಮೆ ಸಿಟ್ಟು ಬಂದು ಬ್ಲೇಡಿನಿಂದ ಕೆತ್ತಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ವಾರವಿಡೀ ಕುಂಟಿದೆ. ಗುಳ್ಳೆಯನ್ನು ಮಾತ್ರ ಒಡೆಯುವುದಿಲ್ಲ. ತಾನಾಗಿ ಒಡೆದರೂ ಮೇಲಿನ ಸಿಪ್ಪೆ ಕೀಳದೆ ಪಟ್ಟಿ ಹಾಕುತ್ತೇನೆ.

ಒತ್ತಡ ಮತ್ತು ಉಜ್ಜಾಟ ನಿಲ್ಲದಿದ್ದರೆ ಜಡ್ಡು ಮತ್ತೆ ಬೆಳೆಯುತ್ತದೆ ಅಲ್ವಾ? ಹಾಗಾಗಿ ನನ್ನ ಅನುಮಾನ ಶೂ ಮೇಲೆಯೇ. ಮುಂಭಾಗ ಬಿಗಿ, ಹಿಮ್ಮಡಿ ಸಡಿಲ. ಸಂಜೆ ಹೊತ್ತಿಗೆ ಕಾಲು ಸ್ವಲ್ಪ ಊದುತ್ತದೆ, ನಾನು ಶೂ ಕೊಂಡಿದ್ದು ಬೆಳಿಗ್ಗೆ!

ಕೇಳಬೇಕಾದ್ದು ಇಷ್ಟು. ಒಳಗೆ ಹಾಕುವ ಮೆತ್ತನೆಯ ಇನ್‌ಸೋಲ್‌ನಿಂದ ಯಾರಿಗಾದರೂ ನಿಜವಾಗಿ ಉಪಯೋಗ ಆಗಿದೆಯಾ? ಸ್ಯಾಲಿಸಿಲಿಕ್ ಆಸಿಡ್ ಇರುವ ಆಣಿ ಪಟ್ಟಿ ಬಳಸಿದವರು ಇದ್ದೀರಾ? ಪಕ್ಕದ ಒಳ್ಳೆ ಚರ್ಮವನ್ನೂ ಅದು ಸುಡುತ್ತದೆ, ಗುಳ್ಳೆ ಇರುವಾಗ ಹಚ್ಚಲು ಭಯ. ನನಗೆ ಸಕ್ಕರೆ ಕಾಯಿಲೆ ಇಲ್ಲ, ಇದ್ದಿದ್ದರೆ ಸುಮ್ನೆ ಮನೆಮದ್ದು ಮಾಡದೆ ನೇರ ಡಾಕ್ಟರ ಹತ್ತಿರ ಹೋಗುತ್ತಿದ್ದೆ. ಕೀವು, ಕೆಂಪು ಯಾವುದೂ ಕಂಡಿಲ್ಲ. ಚರ್ಮದ ಡಾಕ್ಟರಿಗೆ ತೋರಿಸಿದವರು ಅವರು ಏನು ಮಾಡಿದರು ಅಂತ ಬರೆಯಿರಿ, ಜಾಸ್ತಿ ನೋವಾಯಿತಾ ಅನ್ನುವುದನ್ನೂ.